ಗುಡ್ಡೆ ಬೋಳು, ಬನ ದಟ್ಟ: ಮಣ್ಣು ಕಾರಣವಾ, ಮನುಷ್ಯನಾ?

ಕಳೆದ ಸಂಚಿಕೆಯಲ್ಲಿ ಪದವಿನ, ಅಂದರೆ ಗುಡ್ಡೆ ಮೇಲಿನ ಚಪ್ಪಟೆ ಮುರಕಲ್ಲು ಬಯಲಿನ, ಹುಲ್ಲು, ಹೂವಿನ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಹೂವಿನ ಸುದ್ದಿ ಕೇಳಿದವರು ಕಡಿಮೆ. ಹೆಚ್ಚಿನವರು ಕೇಳಿದ್ದು ಮರದ ಬಗ್ಗೆ. ಇಲ್ಲಿ ಈ ಮರ ಇದೆ, ಅಲ್ಲಿ ಯಾಕಿಲ್ಲ ಅಂತ. ಅದಕ್ಕೆ ಈ ಸಲ ಅದೇ ವಿಷಯದ ಐದು ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲ ಉತ್ತರ ಉದ್ದವಾಗಿದೆ, ಚಹಾ ಇಟ್ಟುಕೊಂಡು ಓದಿ.

ಪ್ರಶ್ನೆ: ನಮ್ಮ ಮನೆ ಹಿಂದಿನ ಗುಡ್ಡೆಯಲ್ಲಿ ಕುಂಟುನೇರಳೆ, ಕೇಪುಳ, ಕಾಸರಕ, ಅಜ್ಜ ನೆಟ್ಟ ಗೇರು, ಇಷ್ಟು ಬಿಟ್ಟರೆ ಬೇರೇನೂ ಇಲ್ಲ. ಗುಡ್ಡೆಯ ಬುಡದಲ್ಲಿ ನಾಗಬನ ಇದೆ. ಅಲ್ಲಿ ಧೂಪ, ರಂಜೆ, ಹಾಲೆ ಎಲ್ಲ ಆಕಾಶ ಮುಟ್ಟುವ ಹಾಗೆ ಬೆಳೆದಿವೆ. ಬೀಳುವ ಮಳೆ ಒಂದೇ ಅಲ್ವಾ? ಮತ್ಯಾಕೆ ಇಷ್ಟು ವ್ಯತ್ಯಾಸ? ಮಣ್ಣೇ ಬೇರೆಯಾ, ಇಲ್ಲ ಗುಡ್ಡೆಯನ್ನು ನಾವೇ ಹಾಳು ಮಾಡಿದ್ದಾ? (ಹಿರಿಯಡ್ಕದಿಂದ)

ಉತ್ತರ: ಎರಡೂ ಹೌದು. ಹಾಗೆ ಹೇಳಿ ಜಾರಿಕೊಳ್ಳುವುದು ಸುಲಭ, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಮೊದಲು ಮಣ್ಣು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಮೂರೂವರೆ-ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ, ಆಮೇಲೆ ತಿಂಗಳುಗಟ್ಟಲೆ ಬಿಸಿಲು. ಲಕ್ಷಗಟ್ಟಲೆ ವರ್ಷ ಹೀಗೆ ನೆನೆದು, ಒಣಗಿ, ಮತ್ತೆ ನೆನೆದು ಕಲ್ಲಿನೊಳಗಿನ ಸಿಲಿಕಾ, ಸುಣ್ಣ, ಪೊಟ್ಯಾಶ್ ಎಲ್ಲ ತೊಳೆದುಹೋಗಿವೆ. ಉಳಿದದ್ದು ಮುಖ್ಯವಾಗಿ ಕಬ್ಬಿಣ, ಅಲ್ಯೂಮಿನಿಯಂ. ಅದೇ ನಾವು ಗೋಡೆ ಕಟ್ಟುವ ಮುರಕಲ್ಲು. 1801ರಲ್ಲಿ ಕೆನರಾ ಸುತ್ತಿ ಹೋದ ಈಸ್ಟ್ ಇಂಡಿಯಾ ಕಂಪನಿಯ ಫ್ರಾನ್ಸಿಸ್ ಬುಕನನ್, ಮುಂದೆ 1807ರಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಅಂತ ಹೆಸರಿಟ್ಟ. ಇಂಥ ಮಣ್ಣಿನಲ್ಲಿ ಫಾಸ್ಫರಸ್ ಕಡಿಮೆ. ಇರುವಷ್ಟನ್ನೂ ಕಬ್ಬಿಣ ಬಿಗಿಯಾಗಿ ಹಿಡಿದುಕೊಂಡಿರುತ್ತದೆ, ಬೇರಿಗೆ ಬಿಟ್ಟುಕೊಡುವುದಿಲ್ಲ. ಹಾಗಿದ್ದರೂ ಇಂಥ ನೆಲದಲ್ಲಿ ದೊಡ್ಡ ಕಾಡು ಹೇಗೆ ನಿಲ್ಲುತ್ತದೆ? ಮೇಲಿನ ತರಗೆಲೆಯ ಬಲದಿಂದ. ಎಲೆ ಬೀಳುತ್ತದೆ, ಕೊಳೆಯುತ್ತದೆ, ಅದು ಕಲ್ಲಿಗೆ ಇಳಿಯುವ ಮೊದಲೇ ಬೇರು ಮತ್ತು ಬೇರಿಗೆ ಅಂಟಿಕೊಂಡ ಶಿಲೀಂಧ್ರ ಸೇರಿ ಸಾರವನ್ನು ಎತ್ತಿಕೊಳ್ಳುತ್ತವೆ. ಕಾಡಿನ ಬಂಡವಾಳ ಇರುವುದು ಆ ನಾಲ್ಕು ಬೆರಳಿನ ಪದರದಲ್ಲಿ.

ಈಗ ಮನುಷ್ಯ. ಆ ನಾಲ್ಕು ಬೆರಳಿನ ಪದರವನ್ನೇ ನಾವು ಗುಡಿಸಿಕೊಂಡು ಬಂದೆವು! ಕುಮ್ಕಿ ಅಂದರೆ ಏನು ಅಂತ ನಿಮ್ಮ ಮನೆಯ ಹಿರಿಯರನ್ನು ಕೇಳಿ. ವರ್ಗ ಜಮೀನಿನಿಂದ (ಸ್ವಂತ ಪಟ್ಟಾ ಜಾಗದಿಂದ) 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ, ಹುಲ್ಲು ತೆಗೆಯುವ ಹಕ್ಕು. ಗುಡ್ಡೆಯ ಸೊಪ್ಪು ದನದ ಹಟ್ಟಿಗೆ ಬಂತು, ಹಟ್ಟಿಯಿಂದ ಗೊಬ್ಬರವಾಗಿ ಗದ್ದೆಗೆ, ಅಡಿಕೆ ಬುಡಕ್ಕೆ ಹೋಯಿತು. ವರ್ಷವರ್ಷವೂ ಹೋಯಿತು. ತಪ್ಪು ಅಂತ ಹೇಳುತ್ತಿಲ್ಲ, ಊಟಕ್ಕೆ ಅಕ್ಕಿ ಬೇಕಲ್ಲ. ಆದರೆ ಗುಡ್ಡೆಯ ಸಾರ ತಲೆಮಾರುಗಟ್ಟಲೆ ತಲೆಹೊರೆಯಲ್ಲಿ ಇಳಿದು ಬೈಲಿಗೆ ಸೇರಿದೆ ಅನ್ನುವುದು ಸತ್ಯ. ಬೈಲು (ತಗ್ಗಿನದು), ಮಜಲು (ನಡುವಿನದು), ಬೆಟ್ಟು (ಎತ್ತರದ್ದು) ಅಂತ ಗದ್ದೆಗಳನ್ನು ನೀರು ನೋಡಿ ವಿಂಗಡಿಸಿದ ನಮ್ಮವರಿಗೆ ಮಣ್ಣಿನ ಗುಣ ಗೊತ್ತಿರಲಿಲ್ಲ ಅಂತ ಯಾರೂ ಹೇಳಲಾರರು. ಗೊತ್ತಿದ್ದೇ ಸಾರವನ್ನು ಮೇಲಿನಿಂದ ಕೆಳಗೆ ತಂದರು.

ಅದರ ಜೊತೆ ಕುಮರಿ. ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ಒಂದೆರಡು ಬೆಳೆ ತೆಗೆದು, ಹತ್ತಾರು ವರ್ಷ ಪಾಳು ಬಿಟ್ಟು ಮುಂದಿನ ಜಾಗಕ್ಕೆ ಹೋಗುವ ಬೇಸಾಯ. 19ನೇ ಶತಮಾನದ ನಡುವಿಗೆ ಬ್ರಿಟಿಷರು ಇದನ್ನು ಬಿಗಿ ಮಾಡುವವರೆಗೆ ಘಟ್ಟದ ಬುಡದಲ್ಲಿ ಇದು ಸಾಮಾನ್ಯವಾಗಿತ್ತು. ಬೆಂಕಿ ಬಿದ್ದ ಕಡೆ ಮೊದಲು ಏಳುವುದು ಉಪ್ಪಳಿಗೆಯಂಥ ಮರ. ಕಡುಬು ಕಟ್ಟಲು ಅದರ ಎಲೆ ಬಳಸುತ್ತೇವಲ್ಲ, ಅದೇ. ಆಮೇಲೆ ಮತ್ತಿ, ಕಿಂದಳ. ಇವುಗಳ ತೊಗಟೆ ದಪ್ಪ, ಕಡಿದರೆ ಬುಡದಿಂದ ಚಿಗುರುತ್ತವೆ, ಬೀಜಕ್ಕೆ ರೆಕ್ಕೆ ಇದೆ, ಗಾಳಿಗೆ ಹಾರುತ್ತದೆ. ಬೆಂಕಿ, ಕತ್ತಿ ಎರಡನ್ನೂ ತಡೆದುಕೊಳ್ಳುವ ಜಾತಿ.

ಧೂಪದ ಕತೆ ಬೇರೆ. ಅದರ ಕಾಯಿ ಕೈಗೆ ಎತ್ತಿಕೊಂಡರೆ ಸಾಕು, ವಿಷಯ ಅರ್ಥವಾಗುತ್ತದೆ. ಭಾರ ಇದೆ, ರೆಕ್ಕೆ ಇಲ್ಲ. ಮಳೆಗಾಲದ ಶುರುವಿನಲ್ಲಿ ತಾಯಿಮರದ ಬುಡಕ್ಕೆ ಬೀಳುತ್ತದೆ, ಅಲ್ಲೇ ಸಿಪ್ಪೆ ಮೂರು ಸೀಳಾಗಿ ಬಿರಿದು ಮೊಳಕೆ ಬರುತ್ತದೆ. ಬಿಸಿಲಿಗೆ ಬಿದ್ದು ಒಣಗಿತು ಅಂದರೆ ಸತ್ತಿತು, ಡಬ್ಬಿಯಲ್ಲಿಟ್ಟು ಮುಂದಿನ ವರ್ಷ ಬಿತ್ತುವ ಬೀಜ ಅಲ್ಲ ಅದು. ಸಸಿಗೆ ಮೊದಲ ವರ್ಷಗಳಲ್ಲಿ ನೆರಳೂ ಬೇಕು. ಹಾಗಾಗಿ ಒಮ್ಮೆ ಗುಡ್ಡೆ ಬೋಳಾಯಿತು ಅಂದರೆ, ಬನ ಇನ್ನೂರು ಹೆಜ್ಜೆ ದೂರ ಇದ್ದರೂ ಧೂಪ ಅಲ್ಲಿಗೆ ನಡೆದು ಹೋಗುವುದಿಲ್ಲ. ಮಣ್ಣು ಸರಿಯಾದರೂ ಹೋಗುವುದಿಲ್ಲ. ಇದನ್ನು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಒಂದು ಕೆಲಸ ಮಾಡಿ. ಬನದೊಳಗೆ ಅಗೆಯಲು ಹೋಗಬೇಡಿ, ನಾಗನ ಸಿಟ್ಟು ನಿಮಗೂ ಬೇಡ ನನಗೂ ಬೇಡ. ಅಂಚಿನಲ್ಲಿ ಕೂತು ಕೈಯಲ್ಲಿ ಎಲೆ ಸರಿಸಿ. ಮೇಲೆ ಒಣ ಎಲೆ, ಅದರಡಿ ಕಪ್ಪಾಗಿ ನರ ಮಾತ್ರ ಉಳಿದ ಎಲೆ, ಅದಕ್ಕೂ ಕೆಳಗೆ ಬಿಳಿ ನೂಲಿನ ಹಾಗೆ ಶಿಲೀಂಧ್ರ, ಮಧ್ಯೆ ಕೂದಲಿನಷ್ಟು ಸಣ್ಣ ಬೇರುಗಳು ಆ ಕೊಳೆತ ಎಲೆಯೊಳಗೇ ನುಗ್ಗಿರುತ್ತವೆ. ಆಮೇಲೆ ಗುಡ್ಡೆಗೆ ಹೋಗಿ. ಹುಲ್ಲಿನಡಿ ಕೆಂಪು ಹರಳು, ಅದರಡಿ ಕಲ್ಲು, ಅರ್ಧ ಅಡಿಗೇ ಪಿಕಾಸಿ ಠಣ್ ಅನ್ನುತ್ತದೆ.

ಆದರೆ ಇಲ್ಲೊಂದು ತಕರಾರು ಇದೆ. ಎಷ್ಟೋ ಬನಗಳು ಇರುವುದು ಗುಡ್ಡೆಯ ಬುಡದಲ್ಲಿ, ಒರತೆ, ಕೆರೆ, ತೋಟದ ಬದಿಯಲ್ಲಿ. ಅಲ್ಲಿ ಮೊದಲೇ ಮಣ್ಣು ಆಳ, ತೇವ ಜಾಸ್ತಿ. ಅಂಥ ಜಾಗವನ್ನೇ ಹಿರಿಯರು ನಾಗನಿಗೆ ಬಿಟ್ಟಿರಬಹುದು. ಹಾಗಾದರೆ ಬನವನ್ನು ಗುಡ್ಡೆಯ ನೆತ್ತಿಯ ಜೊತೆ ಹೋಲಿಸಿ "ನೋಡಿ, ಕಡಿಯದಿದ್ದರೆ ಇದೂ ಹೀಗೇ ಇರುತ್ತಿತ್ತು" ಅನ್ನುವುದು ಪೂರ್ತಿ ನ್ಯಾಯ ಅಲ್ಲ. ಚಪ್ಪಟೆ ಪದವಿನ ಕೆಲವು ಭಾಗ ಯಾವತ್ತೂ ದಟ್ಟ ಕಾಡು ಆಗಿರಲಿಕ್ಕಿಲ್ಲ. ಅಲ್ಲಿ ಬೇರು ಇಳಿಯಲು ಜಾಗವೇ ಇಲ್ಲ, ಮಳೆಯಲ್ಲಿ ನೀರು ನಿಂತು ಬೇಸಿಗೆಯಲ್ಲಿ ಕಾವಲಿ ಥರ ಕಾಯುತ್ತದೆ. ಅದಕ್ಕೆ ಒಗ್ಗಿದ ಸಣ್ಣ ಗಿಡಗಳ ಲೋಕವೇ ಬೇರೆ. ಇಳಿಜಾರು ಮಾತ್ರ ಹಾಗಲ್ಲ. ನಿಮ್ಮ ಗುಡ್ಡೆಯ ಇಳಿಜಾರಿನಲ್ಲಿ ಒಂದು ಕಾಲಕ್ಕೆ ಒಳ್ಳೆಯ ಕಾಡು ಇತ್ತು ಅಂತ ನನ್ನ ಲೆಕ್ಕ. ಅದನ್ನು ತಿಂದದ್ದು ಸೊಪ್ಪು, ಸೌದೆ, ಬೆಂಕಿ. ಮಂಗಳೂರಿನಲ್ಲಿ 1865ರಲ್ಲಿ ಬಾಸೆಲ್ ಮಿಷನ್‌ನವರು ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಒಂದರ ಹಿಂದೆ ಒಂದು ಭಟ್ಟಿ ಎದ್ದವು, ಅವುಗಳ ಹೊಟ್ಟೆಗೂ ಕಟ್ಟಿಗೆ ಬೇಕಿತ್ತು. ಧೂಪಕ್ಕಂತೂ ಆಮೇಲೆ ಪ್ಲೈವುಡ್ಡಿನವರ ಕಾಟವೂ ಸೇರಿತು.

ಪ್ರಶ್ನೆ: ಅಮೆಜಾನ್ ಕಾಡು ಕಾಡೇ ಅಲ್ಲ, ಮನುಷ್ಯರು ಮಾಡಿದ ತೋಟ ಅಂತ ಒಂದು ವಿಡಿಯೋದಲ್ಲಿ ನೋಡಿದೆ. ನಿಜವಾ? ನಿಜವಾದರೆ ನಮ್ಮ ಪಶ್ಚಿಮ ಘಟ್ಟವೂ ಹಾಗೇ ಅಂತ ಹೇಳಬಹುದಾ? (ಮಣಿಪಾಲದ ವಿದ್ಯಾರ್ಥಿನಿ)

ಉತ್ತರ: ವಿಡಿಯೋದವರು ಅರ್ಧ ಸತ್ಯವನ್ನು ಜೋರಾಗಿ ಹೇಳಿದ್ದಾರೆ.

ಮೊದಲು ಆ ಅರ್ಧ. ಅಮೆಜಾನ್‌ನಲ್ಲಿ ಸುಮಾರು 16,000 ಜಾತಿಯ ಮರಗಳಿವೆ ಅಂತ ಅಂದಾಜು. ಆದರೆ ಅಲ್ಲಿರುವ ಒಟ್ಟು ಮರಗಳಲ್ಲಿ ಅರ್ಧದಷ್ಟು ಬರೀ 227 ಜಾತಿಗೆ ಸೇರಿದವು ಅಂತ 2013ರಲ್ಲಿ ಲೆಕ್ಕ ಹಾಕಿದರು. 2017ರಲ್ಲಿ ಕಾರೊಲಿನಾ ಲೆವಿಸ್ ಮತ್ತು ಜೊತೆಗಾರರು ಇನ್ನೊಂದು ಪ್ರಶ್ನೆ ಕೇಳಿದರು: ಕೊಲಂಬಸ್ ಬರುವ ಮೊದಲೇ ಅಲ್ಲಿನ ಜನ ಸಾಕಿ ಪಳಗಿಸಿದ 85 ಜಾತಿಗಳಿವೆಯಲ್ಲ, ಬ್ರೆಜಿಲ್ ನಟ್, ಕೋಕೋ, ಅಸಾಯಿ ಥರದವು, ಅವು ಈ ಪಟ್ಟಿಯಲ್ಲಿ ಎಷ್ಟಿವೆ? ಸಾವಿರಕ್ಕೂ ಹೆಚ್ಚು ಕಡೆಯ ಮರದೆಣಿಕೆ ತೆಗೆದು ನೋಡಿದರೆ, ಬೇರೆ ಜಾತಿಗಳಿಗಿಂತ ಈ ಪಳಗಿದ ಜಾತಿಗಳು ಆ ಮೇಲಿನ ಪಟ್ಟಿಯಲ್ಲಿ ಇರುವ ಸಾಧ್ಯತೆ ಐದು ಪಟ್ಟು ಜಾಸ್ತಿ. ಹಳೆಯ ಊರುಗಳ ಕುರುಹು ಹತ್ತಿರ ಬಂದ ಹಾಗೆ ಇವು ಇನ್ನೂ ಜಾಸ್ತಿ. 1542ರಲ್ಲಿ ಸ್ಪೇನಿನ ಒರೆಯಾನಾ ಅಮೆಜಾನ್ ನದಿಯುದ್ದಕ್ಕೂ ಇಳಿದು ಹೋದಾಗ ದಡದಲ್ಲಿ ದೊಡ್ಡ ದೊಡ್ಡ ಊರುಗಳನ್ನು ಕಂಡೆವು ಅಂತ ಅವನ ಜೊತೆಗಿದ್ದ ಪಾದ್ರಿ ಬರೆದಿದ್ದ. ಎಷ್ಟೋ ಕಾಲ ಜನ ಅದನ್ನು ಬುರುಡೆ ಅಂದುಕೊಂಡರು. ಯುರೋಪಿನವರ ಜೊತೆ ಬಂದ ರೋಗಗಳಿಗೆ ಆ ಜನ ಬಲಿಯಾದರು, ಊರುಗಳ ಮೇಲೆ ಕಾಡು ಬೆಳೆಯಿತು.

ಅವರು ಬಿಟ್ಟುಹೋದದ್ದು ಮರ ಮಾತ್ರ ಅಲ್ಲ, ಮಣ್ಣೂ ಹೌದು. ಒಲೆಯ ಬೂದಿ, ಇದ್ದಿಲು, ಮೀನಿನ ಮುಳ್ಳು, ಒಡೆದ ಮಡಕೆ, ಅಡುಗೆ ಕಸ ಎಲ್ಲ ಸೇರಿ ಊರಿದ್ದ ಕಡೆ ಮಣ್ಣು ಕಪ್ಪಾಗಿದೆ. ಟೆರಾ ಪ್ರೆಟಾ ಅನ್ನುತ್ತಾರೆ ಅದನ್ನು. ಸುತ್ತಲಿನ ಹಳದಿ-ಕೆಂಪು ಮಣ್ಣಿಗಿಂತ ಅದರಲ್ಲಿ ಫಾಸ್ಫರಸ್, ಕ್ಯಾಲ್ಸಿಯಂ ಬಹಳ ಜಾಸ್ತಿ. ಶತಮಾನ ಕಳೆದರೂ ಅದು ಕರಗಿಲ್ಲ, ಇವತ್ತಿಗೂ ಅಲ್ಲಿನ ರೈತರು ಹುಡುಕಿಕೊಂಡು ಹೋಗಿ ಅದರಲ್ಲೇ ಬೆಳೆಯುತ್ತಾರೆ. ನಮ್ಮಲ್ಲಿ ಗುಡ್ಡೆಯ ಸಾರ ಬೈಲಿಗೆ ಇಳಿಯಿತು ಅಂದೆನಲ್ಲ, ಅಲ್ಲಿ ನದಿಯ, ಕಾಡಿನ ಸಾರ ಊರಿಗೆ ಬಂದು ಸೇರಿತು. ಹಾಗಿರುವಾಗ ಅಲ್ಲಿನ ಮರ ಮಣ್ಣಿಂದ ಬಂತೋ ಮನುಷ್ಯನಿಂದ ಬಂತೋ ಅಂತ ಬೇರೆ ಮಾಡುವುದು ಹೇಗೆ? ಆ ಮಣ್ಣನ್ನು ಮಾಡಿದ್ದೇ ಮನುಷ್ಯ.

ಇನ್ನು ವಿಡಿಯೋದವರು ಬಿಟ್ಟ ಅರ್ಧ. ಈ ಕಪ್ಪು ಮಣ್ಣು ಹೆಚ್ಚಾಗಿ ಸಿಗುವುದು ನದಿದಂಡೆಯಲ್ಲಿ. ಸಂಶೋಧಕರು ಮರ ಎಣಿಸಲು ಹೋಗುವುದೂ ದೋಣಿ ಹೋಗುವ ಕಡೆಯೇ. ನದಿಗಳ ನಡುವಿನ ದೂರದ ಒಳಕಾಡಿನಲ್ಲಿ, ಮುಖ್ಯವಾಗಿ ಪಶ್ಚಿಮ ಅಮೆಜಾನ್‌ನಲ್ಲಿ, ಅಗೆದು ನೋಡಿದಾಗ ಇದ್ದಿಲು ತುಂಬಾ ಕಡಿಮೆ ಸಿಕ್ಕಿದೆ. ಆದ್ದರಿಂದ ಇಡೀ ಅಮೆಜಾನ್ ತೋಟ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಇನ್ನೊಂದು ಉದಾಹರಣೆ ನನಗೆ ಬಹಳ ಇಷ್ಟ. ಮಧ್ಯ ಅಮೆರಿಕದಲ್ಲಿ ಮಾಯಾ ಜನರ ಪಾಳುಬಿದ್ದ ಗುಡಿ, ಮನೆಗಳ ಮೇಲೆ ರಮೋನ್ ಅನ್ನುವ ಮರ ದಟ್ಟವಾಗಿದೆ. ಅದರ ಬೀಜ ತಿನ್ನಬಹುದು. ಸರಿ, ಮಾಯಾ ಜನ ನೆಟ್ಟ ತೋಟದ ಪಳೆಯುಳಿಕೆ ಇದು ಅಂತ ಕೆಲವರು ಹೇಳಿದರು, ಕೇಳಲಿಕ್ಕೂ ಚೆನ್ನಾಗಿತ್ತು. 1982ರಲ್ಲಿ ಲ್ಯಾಂಬರ್ಟ್ ಮತ್ತು ಆರ್ನಾಸನ್ ಅಲ್ಲಿನ ಮಣ್ಣು ಪರೀಕ್ಷಿಸಿ ಬೇರೆಯೇ ಹೇಳಿದರು. ಪಾಳುಗೋಡೆಯ ಸುಣ್ಣಕಲ್ಲಿನ ರಾಶಿ ರಮೋನ್‌ಗೆ ಹೇಳಿಮಾಡಿಸಿದ ನೆಲ, ಅದಕ್ಕೇ ಅದು ಅಲ್ಲಿ ಬಂದಿದೆ, ಯಾರೂ ನೆಡಬೇಕಾಗಿಲ್ಲ. ಕಟ್ಟಿದ್ದು ಮನುಷ್ಯ, ಅದು ಬಿದ್ದು ಮಣ್ಣಾಯಿತು, ಮರ ಅದನ್ನು ನೋಡಿ ಬಂತು.

ಘಟ್ಟದ ಬಗ್ಗೆ ಕೇಳಿದ್ದೀರಿ. ಇಡೀ ಘಟ್ಟ ತೋಟ ಅಲ್ಲ, ಹಾಗಂತ ಮನುಷ್ಯ ಮುಟ್ಟದ್ದೂ ಅಲ್ಲ. ಉತ್ತರ ಕನ್ನಡದ ಕಡೆ ಕಾನು ಅಂತ ಹಸಿರು ಕಾಡಿನ ತುಣುಕುಗಳಿವೆ. ಜನ ಅವನ್ನು ದೇವರ ಹೆಸರಲ್ಲಿ ಕಾಯ್ದರು, ಒಳಗೆ ಕಾಳುಮೆಣಸನ್ನೂ ಬೆಳೆದರು. ಬುಕನನ್ ಆ ಕಡೆ ಹೋದಾಗ ಕಾಡಿನೊಳಗಿನ ಮೆಣಸಿನ ಬೇಸಾಯವನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಎಂ.ಡಿ. ಸುಭಾಷ್‌ಚಂದ್ರನ್ ಮತ್ತು ಮಾಧವ ಗಾಡ್ಗೀಳರು ಈ ಕಾನುಗಳ ಇತಿಹಾಸ ಕೆದಕಿದವರು. ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಲ್ಲಿ ಇವತ್ತಿಗೂ ರಾಮಪತ್ರೆ ಜಾತಿಯ ಮರಗಳ ಜೌಗು ಉಳಿದಿದೆ, ಸುತ್ತ ಕುಮರಿಗೆ ಸುಟ್ಟ ಕಡೆ ಅದು ಇಲ್ಲ. ಇನ್ನು ಗೇರುಸೊಪ್ಪೆಯ ನಗರಬಸ್ತಿಕೇರಿ. 16ನೇ ಶತಮಾನದಲ್ಲಿ ಚೆನ್ನಭೈರಾದೇವಿ ಆಳಿದ ಪಟ್ಟಣ ಅದು, ಈಗ ಚತುರ್ಮುಖ ಬಸದಿಯ ಸುತ್ತ ಕಾಡು. ಅಲ್ಲಿಗೆ ಹೋದರೆ ಫೋಟೋ ಹೊಡೆದು ಸುಮ್ನೆ ವಾಪಸ್ ಬರಬೇಡಿ. ಬಸದಿಯ ಹತ್ತಿರದ ಮರಗಳನ್ನೂ ಸ್ವಲ್ಪ ದೂರದ ಮರಗಳನ್ನೂ ಹೋಲಿಸಿ ಪಟ್ಟಿ ಮಾಡಿ, ನನಗೆ ಕಳಿಸಿ.

ಒಂದು ತಮಾಷೆ. 1953ರಲ್ಲಿ ಮೆಡಿಕಲ್ ಕಾಲೇಜು ಶುರುವಾದಾಗ ನಿಮ್ಮ ಮಣಿಪಾಲ ಬೋಳು ಗುಡ್ಡೆ. ಈಗ ಅಲ್ಲಿ ರಸ್ತೆ ಬದಿ ಅಮೆರಿಕದ ಮಳೆಮರ, ಮಡಗಾಸ್ಕರಿನ ಗುಲ್‌ಮೊಹರ್. ಐನೂರು ವರ್ಷ ಬಿಟ್ಟು ಬರುವ ಸಂಶೋಧಕ ಇದು ಈ ಮಣ್ಣಿನ ಗುಣ ಅಂತ ಬರೆದುಬಿಟ್ಟರೆ?

ಪ್ರಶ್ನೆ: ಚಾರಣಕ್ಕೆ ಹೋದಾಗ ಕಾಡಿನ ನಡುವೆ ಹಲಸು, ಮಾವು ಕಂಡೆವು. ಜೊತೆಗಿದ್ದವರು ಇಲ್ಲಿ ಹಿಂದೆ ಊರಿತ್ತು ಅಂದರು. ಅದು ಹೇಗೆ ಗೊತ್ತಾಗುತ್ತದೆ? ವಿಜ್ಞಾನಿಗಳು ಇದನ್ನೆಲ್ಲ ಹೇಗೆ ಕಂಡುಹಿಡಿಯುತ್ತಾರೆ? (ಬಂಟ್ವಾಳದಿಂದ)

ಉತ್ತರ: ಹಲಸು, ಮಾವು ನೋಡಿ ಮಾತ್ರ ಹೇಳಲಾಗದು. ಹಲಸಿನ ಮೂಲವೇ ನಮ್ಮ ಘಟ್ಟ, ಕಾಡುಮಾವು ಕೂಡ ತಾನೇ ಬರುತ್ತದೆ, ಬೀಜ ಹರಡಲು ಮಂಗ ಇದೆ. ಗೇರುಮರ ಕಂಡಿದ್ದರೆ ಮಾತು ಬೇರೆ. ಅದು ಪೋರ್ಚುಗೀಸರ ಜೊತೆ 16ನೇ ಶತಮಾನದಲ್ಲಿ ಬಂದದ್ದು, ಅಂದರೆ ಆ ಬೀಜದ ಹಿಂದೆ ಎಲ್ಲೋ ಒಬ್ಬ ಮನುಷ್ಯ ಇದ್ದೇ ಇದ್ದ. ಅಗಳು (ಹಳೆಯ ಕಂದಕ), ಕಲ್ಲುಕಟ್ಟೆ, ಮೆಟ್ಟಿಲು ಮೆಟ್ಟಿಲಾದ ಇಳಿಜಾರು, ಹೂತುಹೋದ ಬಾವಿ ಕಂಡರೆ ಇನ್ನೂ ಗಟ್ಟಿ ಸಾಕ್ಷಿ.

ವಿಜ್ಞಾನಿಗಳು ಮಣ್ಣನ್ನು ಕೊರೆದು ತೆಗೆಯುತ್ತಾರೆ. ಇದ್ದಿಲು ಸಿಕ್ಕರೆ ಅದರ ವಯಸ್ಸು ಅಳೆಯಬಹುದು. ಹುಲ್ಲು, ಜೋಳ, ತಾಳೆ ಇಂಥವು ತಮ್ಮೊಳಗೆ ಮರಳಿನಂಥ ಸಿಲಿಕಾ ಕಣ ಮಾಡುತ್ತವೆ. ಗಿಡ ಕೊಳೆತರೂ ಆ ಕಣ ಉಳಿಯುತ್ತದೆ, ಆಕಾರ ನೋಡಿ ಯಾವ ಗಿಡ ಅಂತ ಹೇಳಬಹುದು. ಕೆರೆಯ, ಕಡಲಿನ ಕೆಸರಲ್ಲಿ ಹೂವಿನ ಪರಾಗ ಸಿಗುತ್ತದೆ. ನೈಜೀರಿಯಾದ ಒಕೊಮು ಕಾಡನ್ನು ಎಲ್ಲರೂ ಹಳೆಯ ಕನ್ಯಾರಣ್ಯ ಅಂದುಕೊಂಡಿದ್ದರು. ಅಗೆದರೆ ಮರಗಳಡಿ ಇದ್ದಿಲಿನ ಪದರ, ಮಡಕೆ ಚೂರು, ಸುಟ್ಟ ತಾಳೆಬೀಜ! ಸುಮಾರು 700 ವರ್ಷ ಹಿಂದೆ ಅದು ಜನ ಇದ್ದ ಜಾಗ. ಅಲ್ಲಿನ ಬೃಹತ್ ಮಹಾಗನಿಗಳಿಗೆ ಬೆಳೆಯಲು ಬಿಸಿಲು ಬೇಕು, ಆ ಬಿಸಿಲು ಸಿಕ್ಕಿದ್ದು ಜನ ಬಿಟ್ಟುಹೋದ ಹೊಲದಲ್ಲಿ.

ಎಲ್ಲವನ್ನೂ ಮನುಷ್ಯನ ತಲೆಗೆ ಕಟ್ಟುವ ಹಾಗೂ ಇಲ್ಲ. ಕಾರವಾರದ ಎದುರಿನ ಕಡಲತಳದ ಕೆಸರಲ್ಲಿ ಪರಾಗ ನೋಡಿದವರು, ಸುಮಾರು 3,500 ವರ್ಷ ಹಿಂದೆ ಇಲ್ಲಿನ ಹವೆಯೇ ಒಣಗತೊಡಗಿತು ಅಂತ ಕಂಡುಕೊಂಡಿದ್ದಾರೆ.

ಮನುಷ್ಯರ ಕೈವಾಡ ಕಡಿಮೆ ಇರುವ ಕಡೆ ಮಣ್ಣಿನ ಆಟ ನೋಡಬೇಕಾದರೆ ಪನಾಮಾಕ್ಕೆ ಹೋಗಬೇಕು. ಕಾಲುವೆಗಾಗಿ ಅಣೆಕಟ್ಟು ಕಟ್ಟಿದಾಗ ನೀರು ಏರಿ ಒಂದು ಗುಡ್ಡ ದ್ವೀಪವಾಯಿತು. ಬಾರೊ ಕೊಲೊರಾಡೊ ಅಂತ. ಅಲ್ಲಿ 1980ರ ದಶಕದ ಶುರುವಿನಲ್ಲಿ ಹಬೆಲ್ ಮತ್ತು ಫಾಸ್ಟರ್ 50 ಹೆಕ್ಟೇರ್ ಗುರುತು ಮಾಡಿ, ಬೆರಳು ದಪ್ಪದ ಗಿಡವನ್ನೂ ಬಿಡದೆ ಎರಡು ಲಕ್ಷಕ್ಕೂ ಹೆಚ್ಚು ಮರಗಳಿಗೆ ನಂಬರ್ ಕೊಟ್ಟರು. ಈಗಲೂ ಐದೈದು ವರ್ಷಕ್ಕೆ ಮತ್ತೆ ಅಳೆಯುತ್ತಾರೆ. ಆಮೇಲೆ ಕಾಂಡಿಟ್ ಮತ್ತು ಜೊತೆಗಾರರು ಕಾಲುವೆ ಸುತ್ತಲಿನ 72 ಕಡೆ 550 ಜಾತಿಗಳನ್ನು ನೋಡಿ 2013ರಲ್ಲಿ ಬರೆದದ್ದು ಇದು: ಯಾವ ಮರ ಎಲ್ಲಿ ಅಂತ ತೀರ್ಮಾನ ಮಾಡುವುದರಲ್ಲಿ ಬೇಸಿಗೆಯಲ್ಲಿ ಸಿಗುವ ತೇವ ಮತ್ತು ಮಣ್ಣಿನ ಫಾಸ್ಫರಸ್, ಇವೆರಡರದ್ದೇ ದೊಡ್ಡ ಕೈ. ಅಷ್ಟು ಕಾಪಾಡಿದ ಆ 50 ಹೆಕ್ಟೇರಿನಲ್ಲೂ ಎರಡು ಹೆಕ್ಟೇರಿನಷ್ಟು ಜಾಗ ನೂರು ವರ್ಷದ ಎಳೆಯ ಕಾಡು, ಉಳಿದದ್ದು ಶತಮಾನಗಳ ಹಳೆಯದು. ಎಳೆಯ ತುಂಡನ್ನು ಬೇರೆ ಇಟ್ಟು ಲೆಕ್ಕ ಮಾಡುವವರೂ ಇದ್ದಾರೆ. ಜಾಣತನ ಅದೇ.

ಪ್ರಶ್ನೆ: ನಮ್ಮೂರ ಗುಡ್ಡೆಗೆ ಅಕೇಶಿಯಾ ಹಾಕಿದ್ದಾರೆ. ಅದರಡಿ ನಮ್ಮ ಕಾಡುಮರ ಯಾವತ್ತಾದರೂ ಬರುತ್ತದಾ? (ಮೂಡುಬಿದಿರೆಯಿಂದ)

ಉತ್ತರ: ಬರಬಹುದು, ಮೂರು ವಿಷಯ ಕೂಡಿಬಂದರೆ. ಹತ್ತಿರ ಬನವೋ ಕಾಡೋ ಇರಬೇಕು, ವರ್ಷವರ್ಷ ಬೆಂಕಿ ಬೀಳಬಾರದು, ತರಗೆಲೆ ಗುಡಿಸಬಾರದು. ಹಕ್ಕಿ ತರುವ ಬೀಜಗಳು ಮೊದಲು ಬರುತ್ತವೆ, ನೇರಳೆ, ಕೇಪುಳ ಥರದವು. ಧೂಪಕ್ಕೆ ಕಾಯಬೇಡಿ, ಅದನ್ನು ನೀವೇ ನೆಡಬೇಕು. ಅಕೇಶಿಯಾ ಗಾಳಿಯ ನೈಟ್ರೋಜನ್ ಹಿಡಿಯುತ್ತದೆ ನಿಜ, ಆದರೆ ಇಲ್ಲದ ಫಾಸ್ಫರಸ್ ಎಲ್ಲಿಂದ ತರುತ್ತದೆ? ಹತ್ತಾರು ವರ್ಷಕ್ಕೊಮ್ಮೆ ಕಡಿದು ಲಾರಿಗೆ ತುಂಬಿದರೆ ಇದ್ದದ್ದೂ ಹೋಯಿತು.

ಪ್ರಶ್ನೆ: ಹತ್ತು ಸೆಂಟ್ಸ್ ಮುರಕಲ್ಲಿನ ಜಾಗ ಇದೆ. ಯಾವ ಮರ ನೆಟ್ಟರೆ ಬದುಕುತ್ತದೆ? ನರ್ಸರಿಯವರು ಒಂದೊಂದು ಸಲ ಒಂದೊಂದು ಹೇಳುತ್ತಾರೆ. (ಸುರತ್ಕಲ್‌ನಿಂದ)

ಉತ್ತರ: ನರ್ಸರಿಗೆ ಹೋಗುವ ಮೊದಲು ಅಕ್ಕಪಕ್ಕದ ಖಾಲಿ ಗುಡ್ಡೆ ನೋಡಿಬನ್ನಿ. ಅಲ್ಲಿ ತಾನಾಗಿ ಬಂದದ್ದು ನಿಮ್ಮಲ್ಲೂ ಬದುಕುತ್ತದೆ. ಕುಂಟುನೇರಳೆ, ನೇರಳೆ, ಹೊನ್ನೆ ಹಾಕಬಹುದು. ಸ್ವಲ್ಪ ನೆರಳು ಇದ್ದ ಕಡೆ ಪುನರ್ಪುಳಿ, ಜ್ಯೂಸಿಗೂ ಆಯಿತು, ಸಾರಿಗೂ ಆಯಿತು. ಕಲ್ಲು ಬಿರುಕು ಬಿಟ್ಟ ಜಾಗ ಹುಡುಕಿ ಅಲ್ಲೇ ಗುಂಡಿ ತೆಗೆಸಿ, ಬೇರಿಗೆ ಇಳಿಯಲು ದಾರಿ ಸಿಗುತ್ತದೆ. ಅಡಿಗಲ್ಲು ಒಡೆಯದೆ ಸಣ್ಣ ಗುಂಡಿ ಮಾಡಿದರೆ ಮಳೆಯಲ್ಲಿ ನೀರು ನಿಂತು ಗಿಡ ಕೊಳೆಯುತ್ತದೆ. ಹಟ್ಟಿಗೊಬ್ಬರ, ಒಲೆಬೂದಿ, ಮೀನಿನ ಕಸ ಹಾಕಿ, ಮೇಲೆ ತರಗೆಲೆ ಮುಚ್ಚಿ. ಅಂಗಳ ಗುಡಿಸಿದ ಎಲೆಯನ್ನು ಸುಡಬೇಡಿ, ಅದನ್ನೇ ಬುಡಕ್ಕೆ ಹಾಕಿ. ಮೊದಲ ಎರಡು ಬೇಸಿಗೆ ನೀರು ಕೊಡಿ. ಗುಂಡಿಯನ್ನು ಏಪ್ರಿಲ್‌ನಲ್ಲೇ ತೆಗೆಸಿಬಿಡಿ, ಮಳೆ ಹಿಡಿದ ಮೇಲೆ ಪಿಕಾಸಿ ಹಿಡಿಯುವವರು ಸಿಗುವುದು ಕಷ್ಟ.